ಅಗೆತದ ಸೀಸನ್, ಮನೆ, ಸ್ವಂತ ಬರವಣಿಗೆ: ಮೂರನ್ನೂ ಹೊಂದಿಸುವ ಕ್ರಮ ಯಾವುದು?

ಪದರ_ಏಳು ಕೇಳಿದ್ದು:

ಪುರಾತತ್ವದ ಅಗೆತದಲ್ಲಿ ಟ್ರೆಂಚ್ ಸೂಪರ್‌ವೈಸರ್ ಕೆಲಸ, ಎಂದರೆ ಒಂದು ಗುಂಡಿಯ ಉಸ್ತುವಾರಿ. ಸೀಸನ್ ಶುರುವಾಯಿತೆಂದರೆ ವಾರಗಟ್ಟಲೆ ಕ್ಯಾಂಪಿನಲ್ಲೇ ಬಿಡಾರ. ಮುಗಿಸಿ ಬಂದರೂ ಡ್ರಾಯಿಂಗು, ಮಡಕೆ ಚೂರಿನ ಪಟ್ಟಿ, ವರದಿ ಎಂದು ಕೆಲಸ ಬೆನ್ನಿಗೇ ಬರುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಸಂಗಾತಿಗೂ ಕೆಲಸವಿದೆ. ಇದರ ನಡುವೆ ಕಾದಂಬರಿಯೊಂದು ಅರ್ಧಕ್ಕೆ ನಿಂತಿದೆ.

"ದಿನಾ ಒಂದು ಗಂಟೆ ಬರೆಯಿರಿ" ಎಂಬ ಸಲಹೆ ಕ್ಯಾಂಪಿನಲ್ಲಿ ನಡೆಯುವಂಥದ್ದಲ್ಲ. ಬೆಳಗಿನ ಜಾವಕ್ಕೇ ಸೈಟು, ಮಧ್ಯಾಹ್ನದ ಮೇಲೆ ಚೂರು ತೊಳೆಯುವುದು, ಸಂಜೆ ರಿಜಿಸ್ಟರು; ಅಷ್ಟು ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಫೀಲ್ಡಿನಲ್ಲಿರುವಾಗ ಬರವಣಿಗೆ ಪೂರ್ತಿ ನಿಲ್ಲಿಸಿಬಿಡುವುದೇ ಸರಿಯೇ? ವರದಿಯ ಭಾಷೆ ಕಥೆಯೊಳಗೆ ನುಗ್ಗದಂತೆ ಏನು ಮಾಡುತ್ತೀರಿ? ಮನೆಯವರಿಗೆಂದು ಯಾವ ಹೊತ್ತನ್ನು ಎತ್ತಿಡುತ್ತೀರಿ? ಹುರಿದುಂಬಿಸುವ ಮಾತು ಬೇಡ, ಕ್ರಮ ಹೇಳಿ ಸಾಕು.

ಕರಣೆ_ಬ್ರಷ್ ಉತ್ತರ:

ದಿನವನ್ನು ಮೂರು ಪಾಲು ಮಾಡಲು ಹೋಗಬೇಡಿ, ವರ್ಷವನ್ನು ಮಾಡಿ. ಅಗೆತದ ತಿಂಗಳುಗಳಲ್ಲಿ ಬರಹಕ್ಕೆ ಬೇಕಾದ್ದನ್ನು ಕೂಡಿಡಿ, ಕರಡಿಗೆ ಕೈ ಹಾಕುವುದು ಆಮೇಲೆ. ಅದಕ್ಕೂ ಮೊದಲು ನಿಮ್ಮ ಸಂಜೆಗಳು ಎಲ್ಲಿ ಸೋರಿಹೋಗುತ್ತಿವೆ ಎಂದು ನೋಡಿಕೊಳ್ಳಿ. ಟ್ರೆಂಚಿನಲ್ಲೇ ಮುಗಿಯಬೇಕಿದ್ದ ದಾಖಲೆ ಟೆಂಟಿಗೆ ಬರುವುದರಿಂದಲೇ ಬಹಳ ಮಂದಿಗೆ ಸಂಜೆ ಉಳಿಯುವುದಿಲ್ಲ.

ಕಾಂಟೆಕ್ಸ್ಟ್ ಶೀಟನ್ನು, ಎಂದರೆ ಒಂದೊಂದು ಪದರದ ದಾಖಲೆ ಹಾಳೆಯನ್ನು, ಆ ಪದರದ ಮುಂದೆ ಕೂತೇ ತುಂಬಿಸಿ: ಮೇಲೇನು, ಕೆಳಗೇನು, ಯಾವುದು ಯಾವುದನ್ನು ಕತ್ತರಿಸಿದೆ, ಮಟ್ಟ, ಫೋಟೊ ಸಂಖ್ಯೆ, ಮಾದರಿ ಸಂಖ್ಯೆ. ಮಣ್ಣಿನ ಬಣ್ಣವನ್ನು ಮನ್ಸೆಲ್ ಚಾರ್ಟಿಗೆ (ಬಣ್ಣ ಹೋಲಿಸುವ ಮಾದರಿ ಪಟ್ಟಿಗೆ) ಹಿಡಿಯುವುದು ತೇವವಿರುವಾಗ. ಬಿಸಿಲಿಗೆ ಒಣಗಿತೋ, ಬಣ್ಣ ತಿಳಿಯಾಗುತ್ತದೆ, ಪದರಗಳ ನಡುವಿನ ಗಡಿಯೂ ಕಾಣದಾಗುತ್ತದೆ. ಮತ್ತೆ ನೀರು ಚಿಮುಕಿಸಿ, ಗೋಡೆ ಕೆರೆದು ಮೊದಲಿನಿಂದ ನೋಡಬೇಕು. ಎತ್ತರ ಅಳೆದು ಬರೆಯುವ ಲೆವೆಲ್ ಪುಸ್ತಕದಲ್ಲಿ ಬ್ಯಾಕ್‌ಸೈಟ್ (ಎತ್ತರ ಗೊತ್ತಿರುವ ಬಿಂದುವಿನ ಮೇಲಿನ ಅಳತೆ) ಬರೆಯಲು ಮರೆತಿದ್ದರೆ ರಾತ್ರಿಯೆಲ್ಲ ಲೆಕ್ಕ ಹಾಕಿದರೂ ಆ ದಿನದ ಎತ್ತರಗಳು ಸಿಗುವುದಿಲ್ಲ. ಚೂರಿನ ಚೀಲಕ್ಕೆ ಎರಡು ಚೀಟಿ ಇರಲಿ, ಒಳಗೊಂದು ಹೊರಗೊಂದು, ನೀರಿಗೆ ಕರಗದ ಶಾಯಿಯಲ್ಲಿ. ಚೀಟಿಯಿಲ್ಲದ ಒಂದೇ ಒಂದು ಚೀಲ ಮೂರು ಜನರ ಸಂಜೆಯನ್ನು ನುಂಗಬಲ್ಲದು.

ಹ್ಯಾರಿಸ್ ಮ್ಯಾಟ್ರಿಕ್ಸನ್ನಂತೂ ಸೀಸನ್ ಕೊನೆಗೆ ಬಿಡಲೇಬೇಡಿ. ಯಾವ ಪದರ ಮೊದಲು, ಯಾವುದು ಆಮೇಲೆ ಎಂದು ತೋರಿಸಲು ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದ ಈ ನಕ್ಷೆಗೆ ದಿನಕ್ಕೆ ಹತ್ತು ನಿಮಿಷ ಸಾಕು. ಬಿಟ್ಟರೆ ಏನಾಗುತ್ತದೆ ಎಂದರೆ, ಪದರ 12 ಎಂಬುದು 15ರ ಮೇಲೆ, 15 ಎಂಬುದು 18ರ ಮೇಲೆ, 18 ಎಂಬುದು ಮತ್ತೆ 12ರ ಮೇಲೆ ಎಂಬ ಸುತ್ತು ಎದುರಾಗುತ್ತದೆ. ಅದನ್ನು ಬಿಡಿಸಲು ಮಣ್ಣು ನೋಡಬೇಕು, ಮಣ್ಣೋ ಆಗಲೇ ರಾಶಿಗೆ ಸೇರಿರುತ್ತದೆ. ಮನೆಯ ಮೇಜಿನ ಮೇಲೆ ವಾರಗಟ್ಟಲೆ ಕೂತು ತಲೆ ಕೆಡಿಸಿಕೊಳ್ಳುವುದು ಇಂಥವಕ್ಕೇ.

ಇನ್ನು ಕೊನೆಯ ವಾರ. ಗುಂಡಿಯ ಗೋಡೆಯ ಚಿತ್ರ (ಸೆಕ್ಷನ್) 1:10ರಲ್ಲಿ, ನೆಲದ ಚಿತ್ರ (ಪ್ಲಾನ್) 1:20ರಲ್ಲಿ, ಕೊನೆಯ ಫೋಟೊ, ಮಾದರಿಗಳ ಪ್ಯಾಕಿಂಗ್, ಗುಂಡಿ ಮುಚ್ಚುವುದು, ಎಲ್ಲವೂ ಆ ವಾರಕ್ಕೇ ಬಂದು ಬೀಳುತ್ತವೆ. ಒಲೆಯೋ ಹೂಳಿದ ಮಡಕೆಯೋ ಕಾಣಿಸಿಕೊಳ್ಳುವುದೂ ಆಗಲೇ. ಸೀಸನ್ನಿನ ಕೊನೆಯ ಕಾಲು ಭಾಗದಲ್ಲಿ ಹೊಸ ಚೌಕ ತೆರೆಯುವುದಿಲ್ಲ ಎಂದು ಮೊದಲ ದಿನವೇ ನಿರ್ದೇಶಕರ ಜೊತೆ ಮಾತಾಡಿಕೊಳ್ಳಿ. ಮನೆಗೆ ಹೇಳಿದ ತಾರೀಖು ತಪ್ಪುವುದು ಹೆಚ್ಚಾಗಿ ಇಲ್ಲೇ.

ಅಗೆತ ಒಂದು ವಾರವಾದರೆ ಆಮೇಲಿನ ಮೇಜಿನ ಕೆಲಸಕ್ಕೆ ಎರಡು ಮೂರು ವಾರ ಹಿಡಿಯಿರಿ, ವಸ್ತು ಹೆಚ್ಚಿದ್ದರೆ ಇನ್ನೂ ಜಾಸ್ತಿ. ಇದನ್ನು ಯೋಜನೆಯಲ್ಲೇ ಬರೆಸದಿದ್ದರೆ ರಜೆಯ ದಿನಗಳಿಂದ ಕಿತ್ತು ಕೊಡಬೇಕಾಗುತ್ತದೆ. ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಜೆರಿಕೊದಲ್ಲಿ ಅಗೆದದ್ದು 1952ರಿಂದ 1958ರವರೆಗೆ. ವರದಿಯ ಕೊನೆಯ ಸಂಪುಟಗಳು ಹೊರಬಂದದ್ದು 1978ರಲ್ಲಿ ಅವರು ತೀರಿಕೊಂಡ ಮೇಲೆ. ಈಜಿಪ್ಟಿನಲ್ಲಿ ಅಗೆದ ಫ್ಲಿಂಡರ್ಸ್ ಪೆಟ್ರಿ ಇದಕ್ಕೆ ತದ್ವಿರುದ್ಧ, ಸೀಸನ್ ಮುಗಿದ ಬೆನ್ನಿಗೇ ವರದಿ ತರುತ್ತಿದ್ದವರು. ಸರ್ವೆ, ಚಿತ್ರ ಬರೆಯುವ ಕೆಲಸದಲ್ಲಿ ಹೆಂಡತಿ ಹಿಲ್ಡಾ ಪೆಟ್ರಿಯ ದುಡಿಮೆ ಎಷ್ಟಿತ್ತು ಎಂಬುದನ್ನು ಮರೆತು ಆ ವೇಗವನ್ನು ಹೊಗಳಬಾರದು, ಅಷ್ಟೆ.

ಇರುಳಿನ_ಅಕ್ಷರ ಉತ್ತರ:

ಬರವಣಿಗೆಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಪೂರ್ತಿ ನಿಲ್ಲಿಸಬೇಡಿ, ಕರಡನ್ನು ಮಾತ್ರ ನಿಲ್ಲಿಸಿ. ಇಡೀ ದಿನ ಕರಣೆ ಹಿಡಿದ ಮಣಿಕಟ್ಟು ರಾತ್ರಿ ಪೆನ್ನಿಗೆ ಒಗ್ಗುವುದಿಲ್ಲ. ಆಗ ಬರೆದ ಪುಟವನ್ನು ಆಮೇಲೆ ಹರಿಯುವುದೇ ಹೆಚ್ಚು. ಅಂಗೈಯಗಲದ ಒಂದು ಸ್ವಂತ ಪುಸ್ತಕ ಇಟ್ಟುಕೊಳ್ಳಿ. ಸೈಟ್ ನೋಟ್‌ಬುಕ್ ಬೇರೆ, ಇದು ಬೇರೆ. ಅದು ಸಂಸ್ಥೆಯ ದಾಖಲೆ, ಐವತ್ತು ವರ್ಷದ ಮೇಲೆ ಯಾರೋ ತೆಗೆದು ಓದುವಂಥದ್ದು. ಅದರಲ್ಲಿ ಸ್ವಂತ ಸಿಟ್ಟು, ಉಪಮೆ, ಸಹೋದ್ಯೋಗಿಗಳ ಮಾತು ಬೇಡ. ಅದರಿಂದ ಪುಟ ಹರಿಯುವುದಂತೂ ಕೂಡದು.

ಸ್ವಂತ ಪುಸ್ತಕಕ್ಕೆ ದಿನಕ್ಕೆ ಮೂರು ಸಾಲು. ಕೈಗೆ ತಾಗಿದ್ದು ಒಂದು, ಕಿವಿಗೆ ಬಿದ್ದದ್ದು ಒಂದು, ಯಾರಾದರೂ ಆಡಿದ ಮಾತು ಹಾಗ್ಹಾಗೇ ಒಂದು. "ಇವತ್ತು ತುಂಬ ಚೆನ್ನಾಗಿತ್ತು" ಎಂಬಂಥದ್ದು ಎರಡು ತಿಂಗಳ ಮೇಲೆ ಯಾತಕ್ಕೂ ಬಾರದು. "ಸುಟ್ಟ ಮಣ್ಣಿನ ಪದರಕ್ಕೆ ಕರಣೆ ತಾಗಿದಾಗ ಸದ್ದು ಬದಲಾಯಿತು, ಕೆಳಗಿನ ಬೂದಿಯಲ್ಲಿ ಸದ್ದೇ ಇಲ್ಲ" ಎಂದು ಬರೆದಿಟ್ಟರೆ ಅದರಿಂದ ಒಂದು ದೃಶ್ಯ ಎಬ್ಬಿಸಬಹುದು. ಕೈ ಸೋತಿದ್ದರೆ ಸೈಟಿನಿಂದ ಕ್ಯಾಂಪಿಗೆ ಬರುವ ದಾರಿಯಲ್ಲಿ ಫೋನಿಗೆ ಹೇಳಿ, ಎರಡು ನಿಮಿಷ ಮೀರದಂತೆ. ಉದ್ದದ ಧ್ವನಿ ಟಿಪ್ಪಣಿಗಳನ್ನು ಮತ್ತೆ ಯಾರೂ ಕೇಳುವುದಿಲ್ಲ, ಹೇಳಿದವರು ಸಹ. ಮನೆಗೆ ಬಂದ ಎರಡನೇ ವಾರದೊಳಗೆ ಇವನ್ನೆಲ್ಲ ಟೈಪ್ ಮಾಡಿಬಿಡಿ. ತಡವಾದರೆ ನಿಮ್ಮದೇ ಸಂಕ್ಷೇಪಗಳು ನಿಮಗೇ ಅರ್ಥವಾಗದೆ ಹೋಗುತ್ತವೆ.

ಮನೆಗೆ ಕಾಗದ ಬರೆಯುವ ಹಳೆಯ ರೂಢಿಯನ್ನೂ ನೋಡಿ. ಪುರಾತತ್ವಜ್ಞೆ, ಪ್ರವಾಸಿ ಗರ್ಟ್ರೂಡ್ ಬೆಲ್ ತಮ್ಮ ಪ್ರಯಾಣ, ಸರ್ವೆಗಳ ಕಾಲದಲ್ಲಿ ತಂದೆ ಮತ್ತು ಮಲತಾಯಿಗೆ ಬರೆದ ಪತ್ರಗಳು ನೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿವೆ. ಮನೆಯವರಿಗೆ ಸುದ್ದಿ, ಬರೆದವರಿಗೆ ದಿನಚರಿ, ಒಂದೇ ಹಾಳೆಯಲ್ಲಿ. ವಾರಕ್ಕೊಮ್ಮೆ 300 ಪದಗಳ ಒಂದು ಪತ್ರ ಮಕ್ಕಳ ಹೆಸರಿಗೆ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಮಕ್ಕಳಿಗೆ ತಿಳಿಯುವಂತೆ ಬರೆಯಬೇಕಾದಾಗ ವರದಿಯ ಭಾಷೆ ತಾನಾಗಿಯೇ ದೂರ ಸರಿಯುತ್ತದೆ.

ವರದಿಯ ಭಾಷೆ ನುಗ್ಗುವುದಕ್ಕೆ ಕಾರಣ ಕ್ರಿಯಾಪದ. "ಕಂಡುಬಂದಿದೆ", "ಗುರುತಿಸಲಾಗಿದೆ", "ದಾಖಲಿಸಲಾಯಿತು": ಕರ್ತೃವೇ ಇಲ್ಲದ ವಾಕ್ಯಗಳು. ಕಥೆಯ ಕರಡಿನಲ್ಲಿ "ಲಾಗಿದೆ", "ಲಾಯಿತು" ಎಂದು ಹುಡುಕಿ, ಸಿಕ್ಕಲ್ಲೆಲ್ಲ ಯಾರು ಮಾಡಿದರು ಎಂದು ಕೇಳಿಕೊಂಡು ತಿದ್ದಿ. ಒಂದೇ ದಿನ ಎರಡೂ ಬರೆಯಬೇಕಾದರೆ ಕಥೆ ಮೊದಲು, ವರದಿ ಆಮೇಲೆ. ತಿರುಗುಮುರುಗಾದರೆ ಮೊದಲ ಪುಟವಿಡೀ ಹದಕ್ಕೆ ಬರುವುದಿಲ್ಲ.

ಅರ್ಧಕ್ಕೆ ನಿಂತ ಕಾದಂಬರಿಯ ವಿಚಾರ. ಗುಂಡಿ ಮುಚ್ಚುವ ಮೊದಲು ತಳಕ್ಕೆ ಹಾಳೆ ಹಾಸುತ್ತೇವಲ್ಲ, ಮುಂದಿನ ಸೀಸನ್ನಿಗೆ ಎಲ್ಲಿ ನಿಂತಿತ್ತು ಎಂದು ಗೊತ್ತಾಗಲಿ ಎಂದು, ಹಾಗೆ ಹೊರಡುವ ಮುನ್ನ ಕೊನೆಯ ಪುಟದ ಕೆಳಗೆ ಬರೆದಿಡಿ: ಈಗ ಯಾರು ಎಲ್ಲಿದ್ದಾರೆ, ಮುಂದಿನ ದೃಶ್ಯ ಯಾವುದು, ಅದರ ಮೊದಲ ವಾಕ್ಯ ಏನು. ಇಲ್ಲದಿದ್ದರೆ ಮೂರು ತಿಂಗಳ ನಂತರ ಮೊದಲಿನಿಂದ ಓದುತ್ತಾ ಕೂರಬೇಕು. ಓದುತ್ತಾ ಮೊದಲ ಅಧ್ಯಾಯವನ್ನೇ ಮತ್ತೆ ತಿದ್ದಲು ಶುರುಮಾಡುತ್ತೀರಿ. ಬರೆಯುವ ಬಿಡುವಿಗೆಂದು, ಕೆಲಸದಲ್ಲಿ ಕಾಯಬೇಕಾದ ಕಾಲಗಳನ್ನು ಹಿಡಿಯಿರಿ. ಇದ್ದಿಲು ಮಾದರಿ ಕಾಲನಿರ್ಣಯದ ಲ್ಯಾಬಿಗೆ ಹೋದರೆ ಫಲಿತಾಂಶಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು. ವರದಿಯ ಕರಡು ಪರಿಶೀಲಕರ ಬಳಿ ಇರುವಾಗಲೂ ಅಷ್ಟೇ.

ಮನೆ_ಕಡೆಯವರು ಉತ್ತರ:

ಮೇಲಿನ ಇಬ್ಬರ ಲೆಕ್ಕದಲ್ಲೂ ಒಂದು ತೂತಿದೆ. ಸೀಸನ್ ಮುಗಿದ ಮೇಲೆ ಸಿಗುವ ಬಿಡುವನ್ನು ಒಬ್ಬರು ವರದಿಗೆ ಕೊಟ್ಟರು, ಇನ್ನೊಬ್ಬರು ಕಾದಂಬರಿಗೆ ಕೊಟ್ಟರು. ಅಷ್ಟು ದಿನ ಮನೆಯನ್ನು ಒಬ್ಬರೇ ತೂಗಿಸಿದವರಿಗೆ ಆ ಬಿಡುವಿನ ಮೇಲೆ ಮೊದಲ ಹಕ್ಕಿದೆ.

ಹೊರಡುವ ಮುಂಚೆ ಎರಡು ತಾರೀಖು ಹೇಳಿ: ಆಸೆಯ ತಾರೀಖು, ಖಚಿತ ತಾರೀಖು. ಎರಡರ ನಡುವೆ ಐದಾರು ದಿನ ಇರಲಿ. ಪರೀಕ್ಷೆ, ಮದುವೆ, ಆಸ್ಪತ್ರೆಯ ದಿನಗಳನ್ನು ಖಚಿತ ತಾರೀಖಿನ ಆಚೆಗೇ ಇಟ್ಟುಕೊಳ್ಳಿ. ಮಕ್ಕಳಿಗೆ ಖಚಿತ ತಾರೀಖನ್ನು ಮಾತ್ರ ಹೇಳಿ.

ಫೋನಿಗೆ ಒಂದು ನಿಗದಿತ ಹೊತ್ತು. ರಿಜಿಸ್ಟರ್ ಕೆಲಸಕ್ಕೆ ಕೂರುವ ಮುಂಚೆ ಮಾಡಿ, ನಂತರ ಎಂದರೆ ಅತ್ತ ಮಕ್ಕಳು ಮಲಗಿರುತ್ತಾರೆ, ಇತ್ತ ನೀವು ತೂಕಡಿಸುತ್ತಿರುತ್ತೀರಿ. ಸಿಗ್ನಲ್ ಸಿಗದ ಜಾಗವಾದರೆ "ಕರೆ ಬರದಿದ್ದರೆ ಮಾರನೇ ದಿನ ಇಂಥ ಹೊತ್ತಿಗೆ, ಆಗಲೂ ಬರದಿದ್ದರೆ ಕ್ಯಾಂಪಿನ ಈ ನಂಬರಿಗೆ" ಎಂದು ಮೊದಲೇ ಹೇಳಿಡಿ. ಹಾಗೆ ಹೇಳಿಟ್ಟರೆ ಗಾಬರಿ ಅರ್ಧ ಇಳಿಯುತ್ತದೆ.

ಬಂದ ಮೊದಲ ವಾರ ಡ್ರಾಯಿಂಗ್ ಪೆಟ್ಟಿಗೆಯನ್ನೂ ಬಿಚ್ಚಬೇಡಿ, ಹಸ್ತಪ್ರತಿಯನ್ನೂ ತೆಗೆಯಬೇಡಿ. ಮನೆಯಲ್ಲಿ ನೀವಿಲ್ಲದಾಗ ಒಂದು ಕ್ರಮ ಕೂತಿರುತ್ತದೆ; ಯಾರು ಯಾವಾಗ ಏಳುತ್ತಾರೆ, ಪಾಠ ಯಾರು ನೋಡುತ್ತಾರೆ ಎಂದು. ಬಂದವರೇ ಅದನ್ನು ಬದಲಿಸಲು ಹೋದರೆ ಜಗಳ ಖಂಡಿತ. ಅದರೊಳಗಿನ ಒಂದು ಕೆಲಸವನ್ನು ಪೂರ್ತಿ ನಿಮ್ಮ ಕೈಗೆ ತೆಗೆದುಕೊಳ್ಳಿ, ಉಳಿದದ್ದು ಇದ್ದಂತೆ ಇರಲಿ. ಸೈಟಿನ ಬಟ್ಟೆಯನ್ನು ಒದರಬೇಡಿ, ಒದ್ದೆ ಮಾಡಿ ಬೇರೆಯಾಗಿ ಒಗೆಯಿರಿ. ಆ ನುಣ್ಣನೆಯ ಧೂಳು ಮಕ್ಕಳ ಶ್ವಾಸಕ್ಕೆ ಒಳ್ಳೆಯದಲ್ಲ.

ಎರಡನೇ ವಾರದಿಂದ ಬರವಣಿಗೆಗೆ ವಾರಕ್ಕೆ ಎರಡು ಬೆಳಗು, ತಲಾ ಒಂದೂವರೆ ಗಂಟೆ, ಮನೆಯ ಕ್ಯಾಲೆಂಡರಿನಲ್ಲಿ ಬರೆದು. ಅಷ್ಟೇ ಗಂಟೆ ಸಂಗಾತಿಗೂ, ಅವರಿಗೆ ಇಷ್ಟಬಂದುದಕ್ಕೆ. ಕ್ಯಾಲೆಂಡರಿನಲ್ಲಿ ಬರೆಯದೇ ಕದ್ದುಮುಚ್ಚಿ ತೆಗೆದುಕೊಂಡ ಸಮಯ ಯಾವತ್ತೂ ಜಗಳದಲ್ಲೇ ಮುಗಿಯುತ್ತದೆ.

ಮಕ್ಕಳನ್ನು ಸೈಟಿಗೆ ಕರೆದೊಯ್ಯುವುದಾದರೆ ಅರ್ಧ ದಿನ ಸಾಕು. ಟ್ರೆಂಚಿನ ಅಂಚಿಗೆ ಬಿಡಬೇಡಿ, 1.2 ಮೀಟರ್ ಆಳ ದಾಟಿದ, ಆಸರೆಯಿಲ್ಲದ ಗೋಡೆಯ ಹತ್ತಿರ ದೊಡ್ಡವರೂ ಹುಷಾರಾಗಿರಬೇಕು. ಚೂರು ತೊಳೆಯುವ ಜಾಗವೇ ಅವರಿಗೆ ಸರಿ. ಮೃದುವಾದ ಬ್ರಷ್ಷು, ಒಂದು ಬಾರಿಗೆ ಒಂದೇ ಚೀಲ, ಒಡೆದ ಅಂಚನ್ನು ಉಜ್ಜಬಾರದು, ಬಣ್ಣವಿರುವ ಚೂರನ್ನು ಅವರ ಕೈಗೆ ಕೊಡಬಾರದು.

ಪದರ_ಏಳು:

ಮೊದಲ ವಾರದ ಮಾತು ಒಪ್ಪಿದೆ, ಎರಡು ತಾರೀಖಿನದ್ದೂ. ಇನ್ನೊಂದು ಪ್ರಶ್ನೆ ಉಳಿಯಿತು: ಸೈಟಿನ ವಿಷಯವನ್ನು ಕಥೆಯಲ್ಲಿ, ಲೇಖನದಲ್ಲಿ ಎಷ್ಟರ ಮಟ್ಟಿಗೆ ತರಬಹುದು? ವರದಿ ಇನ್ನೂ ಹೊರಬಂದಿಲ್ಲ.

ನಕ್ಷೆ_ಮಾಪಕ ಉತ್ತರ:

ಮೊದಲು ನಿಮ್ಮ ನೇಮಕದ ಕರಾರು ಓದಿ. ಟಿಪ್ಪಣಿ, ಚಿತ್ರ, ಫೋಟೊ ಯಾರ ಸ್ವತ್ತು, ಹೊರಗೆ ಪ್ರಕಟಿಸಲು ಅನುಮತಿ ಬೇಕೇ ಎಂಬುದು ಅಲ್ಲೇ ಇರುತ್ತದೆ. ಬೇಕೆಂದಿದ್ದರೆ ಒಂದು ಪುಟದ ಪತ್ರ ಸಾಕು: ಬರಹದ ಹೆಸರು, ಉದ್ದ, ಎಲ್ಲಿ ಪ್ರಕಟವಾಗುತ್ತದೆ, ಯಾವ ಚಿತ್ರಗಳು. ಕೊನೇ ಗಳಿಗೆಗೆ ಬಿಡದೆ ಒಂದು ತಿಂಗಳು ಮುಂಚೆ ಕೊಡಿ.

ವರದಿಗಿಂತ ಮುಂಚೆ ಹೊರಬರಬಾರದ ನಾಲ್ಕು ಸಂಗತಿಗಳಿವೆ. ಸಿಕ್ಕ ವಸ್ತುಗಳ ಚಿತ್ರ ಮತ್ತು ಕಾಲ. ಸೈಟಿನ ನಿಖರ ಜಾಗ. ಮನುಷ್ಯರ ಅಸ್ಥಿಗಳ ಫೋಟೊ. ಜೊತೆಯವರ ನಿಜವಾದ ಹೆಸರು. ಎರಡನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಫೋನಿನ ಫೋಟೊದೊಳಗೆ ಜಿಪಿಎಸ್ ಸ್ಥಾನ ಕೂತಿರುತ್ತದೆ. ನಿಧಿಗಳ್ಳರಿಗೆ ಅಷ್ಟೇ ಸಾಕು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆರಿಸಿ, ಹಳೆಯ ಚಿತ್ರಗಳಿಂದ ಅಳಿಸಿ. ಹಿನ್ನೆಲೆಯ ಬೆಟ್ಟದ ಅಂಚು, ಗೋಪುರ, ಮೊಬೈಲ್ ಟವರ್ ಕಂಡರೂ ಜಾಗ ಪತ್ತೆಹಚ್ಚಬಹುದು, ಆದ್ದರಿಂದ ಕತ್ತರಿಸಿ ಹಾಕಿ. ಹೆಸರಿನ ವಿಷಯಕ್ಕೆ ಬಂದರೆ, ಹೆಸರೊಂದನ್ನು ಬದಲಿಸಿ ಕೈ ತೊಳೆದುಕೊಳ್ಳಬೇಡಿ. ಹತ್ತು ಜನರ ಕ್ಯಾಂಪಿನಲ್ಲಿ ಕುಂಟುವ ಫೋಟೊಗ್ರಾಫರ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಬೆಳಕು, ಮಣ್ಣು, ಬೆನ್ನುನೋವು, ಕಾಯುವಿಕೆ, ಒಂದು ಚೂರು ಮತ್ತೊಂದಕ್ಕೆ ಹೊಂದಿದಾಗಿನ ಕ್ಷಣ ಇವಕ್ಕೆಲ್ಲ ಯಾರ ಅನುಮತಿಯೂ ಬೇಡ. ಕಾದಂಬರಿಯಾದರೆ ಕಾಲಘಟ್ಟವನ್ನೇ ಬದಲಿಸಿ: ನೀವು ಅಗೆಯುವುದು ಕಬ್ಬಿಣ ಯುಗವಾದರೆ ಕಥೆಯಲ್ಲಿ ನವಶಿಲಾಯುಗ ಇರಲಿ. ಆದರೆ ಆಮೇಲೆ ಆ ಕಾಲದ ಪುಟಗಳಲ್ಲಿ ಕಬ್ಬಿಣದ ಮೊಳೆ ನುಸುಳದಂತೆ ನೋಡಿಕೊಳ್ಳಬೇಕು, ಓದುವವರಲ್ಲಿ ನಿಮ್ಮ ಸಹೋದ್ಯೋಗಿಗಳೂ ಇರುತ್ತಾರೆ.

ಕರಣೆ_ಬ್ರಷ್:

ಮನೆ_ಕಡೆಯವರ ಆಕ್ಷೇಪ ಸರಿಯಾಗಿದೆ. ಹಾಗಾದರೆ ಲೆಕ್ಕ ಹೀಗೆ ಬದಲಾಗುತ್ತದೆ: ಮೇಜಿನ ಕೆಲಸದ ಅವಧಿಯನ್ನು ಕೇಳುವಾಗ ಹಿಂದಿರುಗಿದ ಮೊದಲ ವಾರವನ್ನು ಬಿಟ್ಟು ಎಣಿಸಿ. ನಿರ್ದೇಶಕರಿಗೆ ಕೊಡುವ ವೇಳಾಪಟ್ಟಿಯಲ್ಲೇ ಆ ವಾರ ರಜೆ ಎಂದು ತೋರಿಸಿ. ಪಟ್ಟಿಯಲ್ಲಿ ಇಲ್ಲದ ರಜೆಯನ್ನು ಸೀಸನ್ ಮುಗಿದ ಮೇಲೆ ಕೇಳಿದರೆ, ಮಡಕೆ ತಜ್ಞರು ಅದೇ ವಾರಕ್ಕೆ ಬರುತ್ತಾರೆ ಎಂಬ ಉತ್ತರ ಸಿಗುತ್ತದೆ.