ನಮ್ಮೂರ ರಾಕ್ ಅಂಡ್ ರೋಲ್ ಗೆಳೆಯನ ಕ್ಯಾಸೆಟ್‌ಗೆ ಬೂಷ್ಟು ಹಿಡಿದಿದೆ, ಉಳಿಸೋದು ಹೇಗೆ?

ಬಸವನಹಳ್ಳಿಯವನು:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವನು. ಹೋದ ತಿಂಗಳು ನನ್ನ ಗೆಳೆಯ ತೀರಿಕೊಂಡ. ಮನೆಯವರು ಬೇಡ ಎಂದಿದ್ದಾರೆ, ಹಾಗಾಗಿ ಹೆಸರು ಬರೆಯುವುದಿಲ್ಲ. ಆದರೆ ತೊಂಬತ್ತರ ದಶಕದಲ್ಲಿ ಆಜಾದ್ ಪಾರ್ಕಿನ ಗಣಪತಿ ಮುಂದೆ ಆರ್ಕೆಸ್ಟ್ರಾ ಕೇಳಿದವರಿಗೆ ಗೊತ್ತಾಗಬಹುದು. ಸಿನಿಮಾ ಹಾಡೆಲ್ಲ ಮುಗಿದು ಅರ್ಧ ಜನ ಎದ್ದು ಹೊರಟ ಮೇಲೆ, ಕೆಂಪು ಗಿವ್ಸನ್ ಗಿಟಾರ್ ಹಿಡಿದು ಬಂದು ಎಲ್ವಿಸ್ ಪ್ರೆಸ್ಲಿಯ ಇಂಗ್ಲಿಷ್ ಹಾಡು ಹಾಡುತ್ತಿದ್ದನಲ್ಲ, ಅವನೇ. ಹೊರಟವರು ಚಪ್ಪಲಿ ಹಾಕಿಕೊಂಡು ಅಲ್ಲೇ ನಿಂತುಬಿಡುತ್ತಿದ್ದರು.

ಹಗಲು ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ, ಸಂಜೆ ಗಿಟಾರ್. ನನಗೂ ಅವನೇ ಕಲಿಸಿದ್ದು. ಇ, ಎ, ಬಿ ಮೂರೇ ಕಾರ್ಡು (ಒಟ್ಟಿಗೆ ಮೀಟುವ ಸ್ವರಗುಂಪು), 12 ಬಾರ್ ಅಂದರೆ ನಾಲ್ಕು ನಾಲ್ಕು ಪೆಟ್ಟಿನ ಹನ್ನೆರಡು ತುಂಡು, ಎರಡನೇ ಮತ್ತು ನಾಲ್ಕನೇ ಪೆಟ್ಟು ಜೋರಾಗಿ ಬೀಳಬೇಕು, ಅಷ್ಟೇ ಕಣೋ, ಮಿಕ್ಕಿದ್ದೆಲ್ಲ ಗಂಟಲು ಎನ್ನುತ್ತಿದ್ದ. ಶಿಶುನಾಳ ಶರೀಫರ ಪದವನ್ನೂ ಅದೇ 12 ಬಾರ್‌ಗೆ ಕೂರಿಸಿ ಹಾಡಿದ್ದ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದು, ಶರೀಫರ ಪದಕ್ಕೆ ಗಿಟಾರ್ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಎಲ್ಲರೂ ಮಾತಾಡುವಾಗ ನನಗೆ ಇವನೇ ನೆನಪಾಗುತ್ತಿದ್ದ.

ಈಗ ವಿಷಯ. 1994ರ ಮಳೆಗಾಲದಲ್ಲಿ ಅವನ ಮನೆ ಹಿಂದಿನ ಶೆಡ್ಡಿನಲ್ಲಿ ನಾನೇ ರೆಕಾರ್ಡ್ ಮಾಡಿದ ಮೂರು ಸಿ-90 ಕ್ಯಾಸೆಟ್ ಇದ್ದವು. ಇಷ್ಟು ವರ್ಷ ಅಟ್ಟದಲ್ಲಿಟ್ಟಿದ್ದೆ. ನಮ್ಮ ಮಳೆ ಗೊತ್ತಲ್ಲ, ಟೇಪಿನ ಸುರುಳಿ ಮೇಲೆ ಬಿಳಿ ಬೂಷ್ಟು ಕೂತಿದೆ. ಒಂದನ್ನು ಅಂಗಡಿಯೊಂದಕ್ಕೆ ಕೊಟ್ಟೆ. ಹಾಗೇ ಡೆಕ್ಕಿಗೆ ಹಾಕಿದರು, ಟೇಪು ಸಿಕ್ಕಿಕೊಂಡು ಹರಿಯಿತು. ಇನ್ನೆರಡನ್ನು ಮುಟ್ಟಲು ಭಯ. ಅವನ ಧ್ವನಿ ಬೇರೆ ಎಲ್ಲೂ ಇಲ್ಲ. ಏನು ಮಾಡಲಿ? ಯಾರ ಹತ್ತಿರವಾದರೂ ಅವನ ಫೋಟೋ, ರೆಕಾರ್ಡಿಂಗ್ ಏನಾದರೂ ಇದೆಯಾ?

ಹಾಸನದ ಟೇಪ್‌ಡೆಕ್:

ಅಣ್ಣ, ಮೊದಲು ಒಂದು ಮಾತು. ಆ ಎರಡನ್ನು ಯಾವ ಡೆಕ್ಕಿಗೂ ಹಾಕಬೇಡಿ. ಬೂಷ್ಟಿನ ಪುಡಿ ಡೆಕ್ಕಿನೊಳಗೆ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿ ಕೆಲವು ದಿನ ಇಡಿ. ಬಿಸಿಲಿಗೆ ಮಾತ್ರ ಇಡಬೇಡಿ. ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿ ಮುರಿದಿದೆಯಾ ನೋಡಿ, ಇಲ್ಲದಿದ್ದರೆ ಮುರಿಯಿರಿ, ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಯುವುದಿಲ್ಲ.

ಕವಚಕ್ಕೆ ಐದು ಸ್ಕ್ರೂ ಇದ್ದರೆ ಬಿಚ್ಚಬಹುದು. ಮಾಸ್ಕ್ ಹಾಕಿಕೊಂಡು ಮನೆ ಹೊರಗೆ ಕೂತು, ಮೆತ್ತನೆ ಬ್ರಷ್‌ನಿಂದ ಸುರುಳಿಯ ಅಂಚಿನ ಬೂಷ್ಟನ್ನು ತೆಗೆಯಿರಿ. ಆಮೇಲೆ ಎರಡೂ ಸುರುಳಿಯನ್ನು ಹೊಸ ಕವಚಕ್ಕೆ ದಾಟಿಸಿ, ಪೆನ್ಸಿಲ್ ಹಾಕಿ ಕೈಯಲ್ಲೇ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಅಲ್ಲೇ ನಿಲ್ಲಿಸಿ. ಹರಿದದ್ದನ್ನೂ ಎಸೆಯಬೇಡಿ, ಅಂಟಿಸಲೆಂದೇ ಸ್ಪ್ಲೈಸಿಂಗ್ ಟೇಪ್ ಬರುತ್ತದೆ, ಒಂದೆರಡು ಸೆಕೆಂಡ್ ಹೋಗಬಹುದು, ಮಿಕ್ಕಿದ್ದು ಸಿಗುತ್ತದೆ.

ಕಂಪ್ಯೂಟರಿಗೆ ಇಳಿಸಲು ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಸಾಕು, ಉಚಿತ. ಎಂಪಿ3 ಬೇಡ, ಧ್ವನಿ ಕುಗ್ಗಿಸದ ವೇವ್ ಫೈಲ್ ಮಾಡಿ. ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ, ಆಗಲಿ. ರೆಕಾರ್ಡ್ ಮಾಡುವಾಗ ಸೆಲ್ ವೀಕ್ ಆಗಿತ್ತಾ?

ಬಸವನಹಳ್ಳಿಯವನು:

ಹೌದು, ಆ ಮಳೆಗಾಲದಲ್ಲಿ ಕರೆಂಟ್ ಬಂದು ಹೋಗಿ ಮಾಡುತ್ತಿತ್ತು, ಹಾಗಾಗಿ ಟೇಪ್‌ರೆಕಾರ್ಡರ್ ಸೆಲ್ಲಿನಲ್ಲೇ ಓಡಿಸಿದ್ದೆ. ಹಿಂದೆ ಒಮ್ಮೆ ಹಾಕಿದಾಗ ಅವನ ಧ್ವನಿ ಚಿಕ್ಕ ಹುಡುಗನ ಥರ ಕೇಳಿಸಿ ಬೇಜಾರಾಗಿತ್ತು.

ಹಾಸನದ ಟೇಪ್‌ಡೆಕ್:

ಹಾಗಾದರೆ ಧ್ವನಿ ಹಾಳಾಗಿಲ್ಲ ಅಣ್ಣ. ಸೆಲ್ ವೀಕ್ ಇದ್ದಾಗ ಟೇಪು ನಿಧಾನಕ್ಕೆ ಓಡಿರುತ್ತದೆ, ಈಗ ಸರಿ ವೇಗದಲ್ಲಿ ಹಾಕಿದರೆ ಕೀರಲಾಗುತ್ತದೆ. ಆಂಪ್ಲಿಫೈಯರಿನ ಗುಂಯ್ ಸದ್ದು ಹಿಂದೆ ಕೇಳಿಸುತ್ತದಾ? ಅದು ನಮ್ಮ ಕರೆಂಟಿನ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ. ರೆಕಾರ್ಡಿಂಗ್‌ನಲ್ಲಿ 53 ಬಂದರೆ ಅದು 50ಕ್ಕೆ ಇಳಿಯುವಷ್ಟು ವೇಗ ತಗ್ಗಿಸಿ. ಅವರ ಗಂಟಲು ಅವರಿಗೇ ವಾಪಸ್ ಬರುತ್ತದೆ.

ತೋಟದ ದಾರಿ:

ಓದಿ ಅಳು ಬಂತು. ನಮಗೆಲ್ಲ ಅವರು ಗಿಟಾರ್ ಅಂಕಲ್. ನಾನು ಆಗ ಐದನೇ ಕ್ಲಾಸು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಇಂಗ್ಲಿಷ್ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಅಪ್ಪನಿಗೂ ಅಷ್ಟೇ, ಆದರೆ ಅಪ್ಪನ ಕಾಲು ಕುಣಿಯುತ್ತಿದ್ದದ್ದು ಹೆಗಲ ಮೇಲಿದ್ದ ನನಗೆ ಗೊತ್ತಾಗುತ್ತಿತ್ತು. ಅಪ್ಪ ಕುಣಿದದ್ದು ನಾನು ನೋಡಿದ್ದು ಅದೊಂದೇ ಸಲ. ಮನೆಯಲ್ಲಿ ಒಂದು ಫೋಟೋ ಇದೆ, ಸ್ವಲ್ಪ ಮಸುಕು. ಅಮ್ಮನನ್ನು ಕೇಳಿ ಕಳಿಸುತ್ತೇನೆ.

ಕೈಮರ:

ಒಂದು ಸಲಹೆ. ಫೈಲ್ ಆದ ಮೇಲೆ ಮಳೆ ಸದ್ದು, ಮಧ್ಯದ ಮಾತು ಎಲ್ಲ ಕತ್ತರಿಸಿ ಬರೀ ಹಾಡು ಯೂಟ್ಯೂಬಿಗೆ ಹಾಕಿ. ಈಗಿನವರು ಅಷ್ಟು ಹೊತ್ತು ಕೇಳುವುದಿಲ್ಲ.

ಹಾಸನದ ಟೇಪ್‌ಡೆಕ್:

ಯೂಟ್ಯೂಬಿಗೆ ಬೇಕಾದರೆ ಬೇರೆ ಕಾಪಿ ಮಾಡಿ. ಮೂಲ ಫೈಲಿನಲ್ಲಿ ಒಂದು ಸೆಕೆಂಡೂ ಕತ್ತರಿಸಬೇಡಿ, ದಯವಿಟ್ಟು. ನಮ್ಮಪ್ಪ ಹಾರ್ಮೋನಿಯಂ ನುಡಿಸಿದ ಕ್ಯಾಸೆಟ್ಟನ್ನು ನಾನು ಹಾಗೇ ಚೊಕ್ಕ ಮಾಡಿದ್ದೆ. ಅಪ್ಪನ ಕೆಮ್ಮು, ಅಮ್ಮನನ್ನು ಕರೆದದ್ದು ಎಲ್ಲ ತೆಗೆದುಹಾಕಿದೆ. ಈಗ ಹಾರ್ಮೋನಿಯಂ ಇದೆ, ಅಪ್ಪ ಇಲ್ಲ.

ಬಸವನಹಳ್ಳಿಯವನು:

ಹತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೇ ಬಿಚ್ಚಿ, ಬ್ರಷ್ ಮಾಡಿ, ಹೊಸ ಕವಚಕ್ಕೆ ಹಾಕಿದೆ. ಒಂದು ಕ್ಯಾಸೆಟ್ ಪೂರ್ತಿ ಬಂದಿದೆ. ಗುಂಯ್ ಸದ್ದು 54 ತೋರಿಸಿತು. ವೇಗ ಇಳಿಸಿದೆ. ಅವನೇ ಬಂದ.

ಶೆಡ್ಡಿನ ಶೀಟಿನ ಮೇಲೆ ಮಳೆ ಬೀಳುತ್ತಿದೆ. ಶರೀಫರ ಪದ ಮಧ್ಯದಲ್ಲಿ ನಿಲ್ಲಿಸಿ, ನಿನ್ನ ಬಿ ತಡ ಆಯ್ತು ಕಣೋ, ನನ್ನ ಮುಖ ನೋಡ್ಬೇಡ, ಕಿವಿ ಕೊಡು, ಮತ್ತೆ ಮೊದಲಿಂದ ಎನ್ನುತ್ತಾನೆ. ಅವನಮ್ಮ ಕಾಫಿ ತಂದಿದ್ದೂ ಕೇಳಿಸುತ್ತದೆ. ಒಂದೂ ಕತ್ತರಿಸಿಲ್ಲ.

ಹರಿದ ಕ್ಯಾಸೆಟ್ ಹಿಡಿದು ಶನಿವಾರ ಹಾಸನಕ್ಕೆ ಬರಲಾ ತಮ್ಮ? ಅಂಟಿಸಲು ನನ್ನ ಕೈ ನಡುಗುತ್ತದೆ.