ಬಳ್ಳಾರಿಯ ವಾರ್ಡಿಗೆ ಥೆರಪಿ ನಾಯಿ: ಏನು ಗುಣ, ಏನೇನು ಎಚ್ಚರ?

ವಾರ್ಡ್ ಇನ್‌ಚಾರ್ಜ್ ಸಿಸ್ಟರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು 30 ಹಾಸಿಗೆಯ ಪುನರ್ವಸತಿ ಕೇಂದ್ರ. ಲಕ್ವಾ ಹೊಡೆದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರು ಹೆಚ್ಚು. 6 ಹಾಸಿಗೆಯ ಮಕ್ಕಳ ಕೋಣೆಯೂ ಇದೆ. ತರಬೇತಿ ಆದ 3 ವರ್ಷದ ಲ್ಯಾಬ್ರಡಾರ್ ನಾಯಿಯನ್ನು ಥೆರಪಿ ನಾಯಿಯಾಗಿ, ಅಂದರೆ ರೋಗಿಗಳ ಜೊತೆ ಸ್ವಲ್ಪ ಹೊತ್ತು ಇದ್ದು ಅವರ ಮನಸ್ಸು ಹಗುರ ಮಾಡಲಿ ಅಂತ, ವಾರಕ್ಕೊಮ್ಮೆ ಕರೆತರಲು ಅದರ ಮಾಲೀಕರು ಒಪ್ಪಿದ್ದಾರೆ. ಉಪಯೋಗ ಏನು ಅಂತ ತೋರಿಸಿ, ನಿಯಮ ಬರೆದುಕೊಟ್ಟರೆ ಸಹಿ ಹಾಕ್ತೀನಿ ಅಂತ ಡಾಕ್ಟರು ಹೇಳಿದ್ದಾರೆ. ರೋಗಿಗೆ ನಿಜಕ್ಕೂ ಏನು ಗುಣ? ಸೋಂಕು, ಕಡಿತ, ನಮ್ಮ ಊರಿನ ಬಿಸಿಲು, ಇವಕ್ಕೆಲ್ಲ ಏನು ವ್ಯವಸ್ಥೆ ಮಾಡಿಕೊಳ್ಳಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಫಿಸಿಯೋಥೆರಪಿಸ್ಟ್, ಸಿರುಗುಪ್ಪ

ಸಿಸ್ಟರ್, ನಾಯಿ ಬಂದು ಹೋದರೆ ಲಕ್ವಾ ವಾಸಿ ಆಗಲ್ಲ ಅನ್ನೋದನ್ನ ಡಾಕ್ಟರಿಗೆ ಮೊದಲೇ ಹೇಳಿಬಿಡ್ರಿ. ಆತಂಕ ಇಳಿಯುತ್ತೆ, ನೋವಿನ ಮೇಲಿನ ಗಮನ ಸ್ವಲ್ಪ ಹೊತ್ತು ಬೇರೆ ಕಡೆ ಹೋಗುತ್ತೆ, ವ್ಯಾಯಾಮ ಅಂದ್ರೆ ಗೋಡೆ ಕಡೆ ತಿರುಗಿ ಮಲಗೋರು ತಾವಾಗೇ ಕೈ ಚಾಚ್ತಾರೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗೆ ಇದು ಸಣ್ಣ ಗುಣ ಅಲ್ಲ.

ಅಂಕಿ ಕೇಳಿದರೆ ಅಮೆರಿಕದ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಆಸ್ಪತ್ರೆಯ ಅಧ್ಯಯನ ತೋರಿಸ್ರಿ, 2007ರಲ್ಲಿ ಪ್ರಕಟವಾಗಿದ್ದು. ಹೃದಯ ವೈಫಲ್ಯಕ್ಕೆ ದಾಖಲಾಗಿದ್ದ 76 ಜನರನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಸ್ವಯಂಸೇವಕರ ಜೊತೆ ನಾಯಿ, ಇನ್ನೊಂದಕ್ಕೆ ಸ್ವಯಂಸೇವಕರು ಮಾತ್ರ, ಮೂರನೆಯವರಿಗೆ ಬರೀ ವಿಶ್ರಾಂತಿ. ಭೇಟಿ ಬರೀ 12 ನಿಮಿಷ. ಆತಂಕದ ಅಂಕ ನಾಯಿ ಗುಂಪಿನಲ್ಲಿ ಶೇ. 24 ಇಳಿಯಿತು, ಮನುಷ್ಯರು ಮಾತ್ರ ಹೋದಲ್ಲಿ ಶೇ. 10, ವಿಶ್ರಾಂತಿಯವರದ್ದು ಇದ್ದಲ್ಲೇ ಇತ್ತು. ರಕ್ತದಲ್ಲಿನ ಅಡ್ರಿನಲಿನ್ (ಒತ್ತಡದಲ್ಲಿ ಏರೋ ಹಾರ್ಮೋನು) ನಾಯಿ ಗುಂಪಿನಲ್ಲಿ ಶೇ. 17 ಕಡಿಮೆ ಆಯಿತು. ಆ ಎರಡನೇ ಗುಂಪು ಇರೋದರಿಂದಲೇ ಈ ಅಧ್ಯಯನಕ್ಕೆ ಬೆಲೆ. ಯಾರಾದರೂ ಬಂದು ಪ್ರೀತಿಯಿಂದ ಮಾತಾಡಿಸಿದರೂ ರೋಗಿಗೆ ಹಗುರ ಆಗುತ್ತೆ, ಅದನ್ನ ಕಳೆದ ಮೇಲೆ ನಾಯಿಯದ್ದೇ ಪಾಲು ಎಷ್ಟು ಅಂತ ಅಲ್ಲಿ ಕಾಣುತ್ತೆ.

ಇನ್ನು ನಿಮ್ಮ ಲಕ್ವಾ ರೋಗಿಗಳ ವಿಷಯ. ನಾಯಿಯನ್ನ ಸುಮ್ಮನೆ ಪಕ್ಕಕ್ಕೆ ಕೂರಿಸಬ್ಯಾಡ್ರಿ, ಕೆಲಸ ಕೊಡ್ರಿ. ಸೋತ ಕೈಗೆ ಬ್ರಷ್ ಕೊಟ್ಟು ಬೆನ್ನು ಬಾಚಿಸ್ರಿ. ಹಿಡಿತ ಕೂಡದವರಿಗೆ ಬ್ರಷ್ಷಿನ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡ್ರಿ. ಕುತ್ತಿಗೆಯಿಂದ ಬಾಲದವರೆಗೆ ಒಂದು ಸಲ ಬಾಚಿದರೆ ಭುಜ, ಮೊಣಕೈ, ಮಣಿಕಟ್ಟು ಮೂರೂ ಅಲುಗಾಡ್ತವೆ, 10 ಸಲ ಬಾಚಿಸಿ 1 ನಿಮಿಷ ಬಿಡುವು. ಎಡಗಡೆ ಇರೋದೇ ಗಮನಕ್ಕೆ ಬಾರದ ರೋಗಿಗೆ ನಾಯಿಯನ್ನ ಎಡಗಡೆಯೇ ನಿಲ್ಲಿಸ್ರಿ, ಅದರ ಉಸಿರು ಕೇಳಿ ಕತ್ತು ಆ ಕಡೆ ತಿರುಗುತ್ತೆ. ಮಾತು ಬಿದ್ದುಹೋದವರಿಗೆ "ಬಾ", "ಕುಂದ್ರು" ಅನ್ನೋ ಸಣ್ಣ ಮಾತು ಸಾಕು. ಹೇಳಿದ ತಕ್ಷಣ ನಾಯಿ ಕುಂತುಬಿಟ್ಟರೆ ಆ ರೋಗಿಗೆ ತನ್ನ ಮಾತು ತಲುಪಿತು ಅನ್ನೋದು ಕಣ್ಣಿಗೇ ಕಾಣುತ್ತೆ. ಸಾಕಿದ ನಾಯಿಗಳಿಗೆ ಹೆಚ್ಚಾಗಿ ಇಂಗ್ಲಿಷ್ ಹುಕುಂ ಕಲಿಸಿರ್ತಾರೆ. ನಮ್ಮ ಕಡೆ ರೋಗಿಗಳು ಕನ್ನಡ, ತೆಲುಗು, ಉರ್ದು ಮೂರೂ ಆಡೋರು. ಅದಕ್ಕೇ ಕೈಸನ್ನೆಗೂ ಕೂರೋ ಹಾಗೆ ಕಲಿಸಿರಬೇಕು, ರೋಗಿ ತೊದಲಿದರೂ ಮಾಲೀಕರು ಹಿಂದಿನಿಂದ ಸನ್ನೆ ಮಾಡಬಹುದು.

ನಡಿಗೆ ಅಭ್ಯಾಸಕ್ಕೆ ನಾಯಿಗೆ ಎರಡು ಪಟ್ಟಿ (ಹಿಡಿದುಕೊಳ್ಳೋ ಲೀಷ್) ಬೇಕು. ಒಂದನ್ನ ರೋಗಿ ಹಿಡೀಲಿ, ನಾಯಿಯನ್ನ ನಿಜವಾಗಿ ತಡೆಯೋದು ಮಾಲೀಕರ ಕೈಯಲ್ಲಿರಲಿ. ಒಂದೇ ಪಟ್ಟಿ ರೋಗಿ ಕೈಗೆ ಕೊಟ್ಟರೆ ನಾಯಿ ಒಂದು ಹೆಜ್ಜೆ ಮುಂದೆ ಎಳೆದ ಕೂಡಲೇ ಬೀಳ್ತಾರೆ.

ಸೋಂಕು ನಿಯಂತ್ರಣ ನರ್ಸ್, ಕೊಪ್ಪಳ

ನಾಯಿಯಿಂದ ರೋಗಿಗೆ ಸೋಂಕು ಬರುತ್ತೆ ಅಂತ ಎಲ್ಲರೂ ಹೆದರುತ್ತಾರೆ. ಆಸ್ಪತ್ರೆಯ ರೋಗಾಣು ನಾಯಿಯ ಮೈಮೇಲೆ ಕೂತು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವುದು ಅಷ್ಟೇ ದೊಡ್ಡ ಅಪಾಯ. ಒಬ್ಬ ರೋಗಿ ಕೈಯಲ್ಲಿದ್ದ ಎಂಆರ್‌ಎಸ್‌ಎ (ಹಲವು ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ) ನಾಯಿಯ ಕತ್ತಿನ ಕೂದಲಿಗೆ ಅಂಟುತ್ತೆ, ಮುಂದಿನವರು ಅದೇ ಜಾಗ ಸವರುತ್ತಾರೆ. ಇದನ್ನು ತಡೆಯುವುದು ಕೈ ಸ್ವಚ್ಛ ಮಾಡಿಕೊಳ್ಳುವುದೊಂದೇ. ಮುಟ್ಟುವ ಮುಂಚೆ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ, ಕೈ ಪೂರ್ತಿ ಒದ್ದೆಯಾಗುವಷ್ಟು ಹ್ಯಾಂಡ್ ರಬ್ (ಸ್ಯಾನಿಟೈಸರ್), 20ರಿಂದ 30 ಸೆಕೆಂಡು. ಮುಂಚೆ ಹಚ್ಚಿಕೊಳ್ಳುವುದನ್ನೇ ಜನ ಮರೆಯುತ್ತಾರೆ. ಬಾಟಲಿಯನ್ನು ಮಾಲೀಕರ ಸೊಂಟಕ್ಕೇ ಸಿಕ್ಕಿಸಿ. ಭೇದಿ ಇರುವ ರೋಗಿಯ ಹತ್ತಿರ ನಾಯಿ ಹೋಗಲೇಬಾರದು. ಭೇದಿ ತರುವ ಸಿ. ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಹ್ಯಾಂಡ್ ರಬ್‌ಗೆ ಸಾಯಲ್ಲ, ಅದಕ್ಕೆ ಸೋಪು ನೀರೇ ಬೇಕು.

ಹಾಸಿಗೆ ಮೇಲೆ ಹತ್ತಿಸುವುದಾದರೆ ಒಗೆದ ಬೆಡ್‌ಶೀಟ್ ಹಾಸಿ. ಒಂದು ಶೀಟ್ ಒಬ್ಬ ರೋಗಿಗೆ ಮಾತ್ರ. 5 ಜನರ ಭೇಟಿ ಅಂದರೆ 5 ಶೀಟ್ ಮೊದಲೇ ತೆಗೆದಿಡಿ, ಇಲ್ಲದಿದ್ದರೆ ಒಂದೇ ಶೀಟ್ ಎಲ್ಲಾ ಕಡೆ ಓಡಾಡುತ್ತೆ.

ಐಸೋಲೇಷನ್ ರೋಗಿಗಳು, ಟಿಬಿ ಚಿಕಿತ್ಸೆ ಈಗಷ್ಟೇ ಶುರುವಾದವರು, ಸುಟ್ಟ ಗಾಯದವರು, ಬಿಳಿ ರಕ್ತಕಣ ತೀರಾ ಕಡಿಮೆ ಇರುವವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು, ನಾಯಿ ಕೂದಲಿಗೆ ಉಬ್ಬಸ ಬರುವವರು, ಇವರನ್ನೆಲ್ಲ ಬಿಟ್ಟುಬಿಡಿ. ಗುಲ್ಮ ಇಲ್ಲದವರಿಗೆ ನಾಯಿಯ ಜೊಲ್ಲಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಪ್ರಾಣಕ್ಕೇ ಕುತ್ತು. ಯಾರನ್ನೂ ನೆಕ್ಕಲು ಬಿಡಬೇಡಿ. ಸಲೈನ್ ಸೂಜಿ ಇರುವ ಕೈಯನ್ನು ಹೊದಿಕೆ ಒಳಗೆ ಇಟ್ಟು, ನಾಯಿಯನ್ನು ಇನ್ನೊಂದು ಬದಿಯಿಂದ ತನ್ನಿ.

ನಿಮ್ಮ ಬೆನ್ನುಹುರಿ ರೋಗಿಗಳ ಬಗ್ಗೆ ಇನ್ನೊಂದು ಮಾತು. ಅವರಲ್ಲಿ ಹಲವರಿಗೆ ಸೊಂಟದ ಕೆಳಗೆ ಸ್ಪರ್ಶ ತಿಳಿಯಲ್ಲ. ನಾಯಿ ತೊಡೆ ಮೇಲೆ ಕಾಲಿಟ್ಟು ಉಗುರು ಗೀರಿದರೂ ಗೊತ್ತಾಗಲ್ಲ. ಭೇಟಿ ಮುಗಿದ ಕೂಡಲೇ ಹೊದಿಕೆ ಸರಿಸಿ ಚರ್ಮ ನೋಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವ ಹಿರಿಯರಲ್ಲೂ ಅಷ್ಟೇ, ಕಾಗದದಂಥ ಚರ್ಮ ಒಂದು ಗೀರಿಗೆ ಹರಿಯುತ್ತೆ. ಮೂತ್ರದ ಚೀಲ ಹಾಸಿಗೆಯ ಯಾವ ಬದಿಗೆ ನೇತಾಡುತ್ತಿದೆ ಅಂತಲೂ ನೋಡಿಕೊಳ್ಳಿ. ಲ್ಯಾಬ್ರಡಾರ್ ಖುಷಿಯಾದರೆ ಬಾಲ ಸರಿಯಾಗಿ ಆ ಎತ್ತರಕ್ಕೇ ಬಡಿಯುತ್ತೆ.

ಅಕಸ್ಮಾತ್ ವಾರ್ಡಿನಲ್ಲಿ ಹೇಲು ಉಚ್ಚೆ ಆದರೆ ಮೊದಲು ಪೂರ್ತಿ ಒರೆಸಿ ತೆಗೆದು, ಆಮೇಲೆ ಶೇ. 1ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಹಾಕಿ 10 ನಿಮಿಷ ಬಿಡಿ. ಒರೆಸದೆ ಅದರ ಮೇಲೇ ಸುರಿದರೆ ಕೊಳೆಯಲ್ಲೇ ಅದರ ಶಕ್ತಿ ಮುಗಿದುಹೋಗುತ್ತೆ.

ಪಶುವೈದ್ಯ, ರಾಯಚೂರು

ಮೇಲಿನವರು ರೋಗಿಯ ಕಡೆಯಿಂದ ಹೇಳಿದ್ದಾರೆ, ನಾಯಿಯ ಕಡೆಯಿಂದ ನಾನು ಸೇರಿಸುತ್ತೇನೆ. ವಯಸ್ಸು ಕನಿಷ್ಠ 1 ವರ್ಷ ಇರಬೇಕು, ನಿಮ್ಮದು 3, ಒಳ್ಳೆಯದು. ರೇಬಿಸ್ ಲಸಿಕೆ ಪ್ರತಿ ವರ್ಷ, ಅದರ ಕಾರ್ಡ್‌ನ ನಕಲು ವಾರ್ಡಿನ ಫೈಲಿನಲ್ಲಿ. ಇಲಿಜ್ವರವೂ ಸೇರಿದ ಸಂಯುಕ್ತ ಲಸಿಕೆಯೂ ವರ್ಷಕ್ಕೊಮ್ಮೆ. ಜಂತುಹುಳು ಔಷಧಿ 3 ತಿಂಗಳಿಗೊಮ್ಮೆ.

ಊಟ ಏನು ಅಂತ ಮಾಲೀಕರನ್ನು ಕೇಳಲೇಬೇಕು. ಕೋಳಿ ಅಂಗಡಿಯಿಂದ ತಂದ ಹಸಿ ಕಾಲು, ಕರುಳು ಹಾಕುತ್ತಿದ್ದರೆ, ನಿಲ್ಲಿಸಿ 90 ದಿನ ಆಗುವವರೆಗೆ ಆ ನಾಯಿ ವಾರ್ಡಿಗೆ ಬೇಡ. ಹಸಿ ಮಾಂಸದಲ್ಲಿರುವ ಸಾಲ್ಮೊನೆಲ್ಲಾ ಎಂಬ ಭೇದಿ ತರುವ ಬ್ಯಾಕ್ಟೀರಿಯಾ ನಾಯಿಗೆ ಏನೂ ಮಾಡದೆ ಅದರ ಮಲದಲ್ಲಿ ಹೊರಬರುತ್ತಿರುತ್ತದೆ. ಬೇಯಿಸಿದ ಮಾಂಸ, ಅನ್ನ, ರಾಗಿಮುದ್ದೆ, ಪ್ಯಾಕೆಟ್ ಆಹಾರ ಯಾವುದಕ್ಕೂ ತೊಂದರೆ ಇಲ್ಲ.

ನಮ್ಮ ಬಿಸಿಲು ಸೀಮೆಯಲ್ಲಿ ಉಣ್ಣಿ ವರ್ಷವಿಡೀ ಇರುತ್ತದೆ, ಗೋಡೆಯ ಬಿರುಕಿನಲ್ಲೂ ಮೊಟ್ಟೆ ಇಡುತ್ತದೆ. ವಾರ್ಡಿನಲ್ಲಿ ಒಂದು ಉದುರಿದರೆ ಸಾಕು. ಗೇಟಿನ ಹತ್ತಿರವೇ ಕಿವಿಯ ಒಳಗೆ, ಬೆರಳಿನ ಸಂದು, ಬಾಲದ ಬುಡ ಬೆರಳಾಡಿಸಿ ನೋಡಿ. ಒಂದೇ ಒಂದು ಸಿಕ್ಕರೂ ಅವತ್ತಿನ ಭೇಟಿ ರದ್ದು. ಬೆನ್ನಿಗೆ ಸುರಿಯುವ ಉಣ್ಣಿ ಔಷಧಿಗಿಂತ ನುಂಗಿಸುವ ಮಾತ್ರೆ ಈ ಕೆಲಸಕ್ಕೆ ಸರಿ. ಸುರಿದ ಔಷಧಿ ಕೂದಲಿನ ಮೇಲೇ ಇರುತ್ತದೆ, ಅದನ್ನು ಸವರಿದ ಮಗು ಬೆರಳನ್ನು ಬಾಯಿಗೆ ಹಾಕುತ್ತದೆ.

ಭೇಟಿಯ ಹಿಂದಿನ ದಿನ ಸ್ನಾನ, ಪೂರ್ತಿ ಒಣಗಿಸಿ ಬಾಚಬೇಕು. ಪರಿಮಳದ ಶಾಂಪೂ, ಪೌಡರ್ ಬೇಡ. ಉಗುರು ಕತ್ತರಿಸಿದರಷ್ಟೇ ಸಾಲದು, ಕತ್ತರಿಸಿದ ಅಂಚು ಇನ್ನೂ ಹರಿತವಾಗಿರುತ್ತದೆ. 2 ದಿನ ಮೊದಲೇ ಕತ್ತರಿಸಿ ಅರದಿಂದ ಉಜ್ಜಬೇಕು. ಪಾದದ ಗಾದಿಗಳ ನಡುವಿನ ಕೂದಲನ್ನೂ ತೆಗೆಯಿರಿ, ಇಲ್ಲದಿದ್ದರೆ ಆಸ್ಪತ್ರೆಯ ಟೈಲ್ಸ್ ಮೇಲೆ ಜಾರಿ, ಹೆದರಿ, ಮುಂದಿನ ವಾರ ಬಾಗಿಲಲ್ಲೇ ನಿಲ್ಲುತ್ತದೆ.

ಹಲ್ಲೋ ಉಗುರೋ ತಾಗಿ ಗಾಯವಾದರೆ "ನಮ್ಮ ನಾಯಿಗೆ ಲಸಿಕೆ ಆಗಿದೆ" ಅಂತ ಬಿಡಬೇಡಿ. ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಡಾಕ್ಟರಿಗೆ ತೋರಿಸಿ ಲಸಿಕೆ ಶುರು ಮಾಡಿಸಿ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಇಮ್ಯುನೋಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ವಿಷಯವನ್ನೂ ಡಾಕ್ಟರು ಅಂದೇ ನಿರ್ಧರಿಸಬೇಕು. ನಾಯಿಯನ್ನು 10 ದಿನ ಕಣ್ಣಳತೆಯಲ್ಲಿಡಿ.

ನಾಯಿ ತರಬೇತುದಾರ, ಬಳ್ಳಾರಿ

ತರಬೇತಿ ಆಗೈತಿ ಅಂದ್ರೆ ಆಸ್ಪತ್ರೆಗೆ ತಯಾರು ಅಂತಲ್ರಿ. ಮೊದಲು ಖಾಲಿ ಕೋಣೆಯಾಗ ಪರೀಕ್ಷೆ ಮಾಡ್ರಿ. ಹಿಂದಿನಿಂದ ಸ್ಟೀಲ್ ತಾಟು ಬೀಳಿಸ್ರಿ, ಸಲೈನ್ ಸ್ಟ್ಯಾಂಡ್ ಗಡಗಡ ಎಳೀರಿ, ವೀಲ್‌ಚೇರ್ ಅದರ ಕಡೆ ನೂಕ್ರಿ, ಕುಂಟುತ್ತಾ ಕೋಲು ಊರಿ ಬರ್ರಿ, ಇಬ್ಬರು ಒಮ್ಮೆಲೇ ತಲೆ ಸವರ್ರಿ. ಬೆಚ್ಚಿ ಬೀಳೋದು ತಪ್ಪಲ್ಲ, 2–3 ಸೆಕೆಂಡಿನಾಗ ಸಾವರಿಸಿಕೊಂಡು ಮಾಲೀಕರ ಮುಖ ನೋಡಬೇಕು. ಬಾಲ ಹೊಟ್ಟೆ ಕೆಳಗೆ ಸೇರಿಸಿ ಹಾಗೇ ನಿಂತರೆ ಈ ಕೆಲಸಕ್ಕೆ ಅದನ್ನ ಎಳೀಬ್ಯಾಡ್ರಿ. ಕಬ್ಬಿಣದ ಚೈನು ಬ್ಯಾಡ, ಉದ್ದ ಗಿಡ್ಡ ಆಗೋ ಪಟ್ಟಿನೂ ಬ್ಯಾಡ, 6 ಅಡಿ ಮೀರದ ಬಟ್ಟೆ ಪಟ್ಟಿ ಸಾಕು.

ದಣಿವು ಬೊಗಳಿ ಹೇಳೋದಿಲ್ಲ ನಾಯಿ. ಸುಮ್ಮಸುಮ್ಮನೆ ಆಕಳಿಸ್ತದ, ಮೂಗು ನೆಕ್ಕತದ, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳುಪು ತೋರಿಸ್ತದ. ನೆಲ ನೋಡ್ರಿ, ಒಣ ಟೈಲ್ಸ್ ಮ್ಯಾಲೆ ಒದ್ದಿ ಹೆಜ್ಜೆ ಗುರುತು ಮೂಡಿದ್ರ ಅದರ ಪಾದ ಬೆವರ್ತಾ ಐತಿ ಅಂತ ಅರ್ಥ. ಅಲ್ಲಿಗೆ ಭೇಟಿ ನಿಲ್ಲಿಸ್ರಿ, ಉಳಿದ ರೋಗಿಗಳು ಕಾಯ್ತಿದ್ರೂ ಸರಿ. ಒಬ್ಬರಿಗೆ 10–12 ನಿಮಿಷ, ಒಟ್ಟು 1 ಗಂಟೆ ದಾಟಬಾರದು.

ಬಿಸಿಲಿನ ವಿಷಯ ಖಡಕ್ಕಾಗಿ ಬರೀರಿ. ಮಾರ್ಚ್‌ನಿಂದ ಜೂನ್‌ವರೆಗೆ ಮುಂಜಾನೆ 7ರಿಂದ 8, ಅಷ್ಟೇ. ಸಂಜೆ 5ಕ್ಕೂ ಡಾಂಬರು ಆರಿರೋದಿಲ್ಲ. ಅಂಗೈ ಹಿಂಭಾಗ ನೆಲಕ್ಕೆ 7 ಸೆಕೆಂಡು ಇಡಾಕ ಆಗದಿದ್ರ ನಾಯಿ ಅಲ್ಲಿ ಕಾಲಿಡಬಾರದು. ನಿಲ್ಲಿಸಿದ ಕಾರಿನಾಗ 5 ನಿಮಿಷಾನೂ ಬಿಡಬ್ಯಾಡ್ರಿ. ತೇಕು ನಿಲ್ಲದೆ, ನಾಲಿಗೆ ಕಡುಕೆಂಪಾಗಿ, ಕಾಲು ತಡವರಿಸಿದ್ರ ಮೈಮೇಲೆಲ್ಲಾ ತಣ್ಣೀರು ಹಾಕ್ತಾ ಫ್ಯಾನ್ ಹಚ್ಚಿ ಪಶು ಆಸ್ಪತ್ರೆಗೆ ಒಯ್ಯಿರಿ. ಒದ್ದಿ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳೀತದ.

ವಾರ್ಡ್ ಇನ್‌ಚಾರ್ಜ್ ಸಿಸ್ಟರ್, ಬಳ್ಳಾರಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಇನ್ನೆರಡು ಸಂಶಯ. ಬೆಳಿಗ್ಗೆ 7ಕ್ಕೆ ನಮ್ಮಲ್ಲಿ ಮೈ ಒರೆಸುವುದು, ತಿಂಡಿ ಎಲ್ಲಾ ಇರುತ್ತೆ. ಮತ್ತೆ 6 ಹಾಸಿಗೆಯ ಕೋಣೆಯಲ್ಲಿ ಒಬ್ಬರು ಬೇಡ ಅಂದರೆ?

ಸೋಂಕು ನಿಯಂತ್ರಣ ನರ್ಸ್, ಕೊಪ್ಪಳ

ಒಬ್ಬರು ಬೇಡ ಅಂದರೂ ಆ ಕೋಣೆಗೆ ನಾಯಿ ಬೇಡ. ಕಾರಣ ಕೇಳಬೇಡಿ. ಕೆಲವರಿಗೆ ಬೀದಿನಾಯಿ ಕಚ್ಚಿದ ಭಯ ಇರುತ್ತೆ, ಕೆಲವರಿಗೆ ನಮಾಜ್, ಕೆಲವರಿಗೆ ಮಡಿ. ಬೇಕು ಅಂದವರನ್ನು ವೀಲ್‌ಚೇರಿನಲ್ಲಿ ವರಾಂಡಕ್ಕೆ ಕರೆತನ್ನಿ. ಇದರಿಂದ ನಿಮ್ಮ ಮೊದಲನೇ ತೊಂದರೆಯೂ ತಪ್ಪುತ್ತೆ, ಒಳಗೆ ಮೈ ಒರೆಸುವ ಕೆಲಸ ನಡೆಯುತ್ತಿರಲಿ. ತಿಂಡಿ ಮಾತ್ರ ಭೇಟಿ ಮುಗಿದು ಕೈ ತೊಳೆದ ಮೇಲೆ ಕೊಡಿ, ನಾಯಿ ಇರುವಾಗ ತಟ್ಟೆ ತೆರೆದಿರಬಾರದು. ಮಕ್ಕಳಿಗೆ ತಂದೆ ಅಥವಾ ತಾಯಿಯ ಸಹಿ ಬೇಕು. ಅವರು ಸಹಿ ಹಾಕಿದ್ದರೂ ಮಗು ಅಮ್ಮನ ಸೆರಗಿನ ಹಿಂದೆ ಹೋದರೆ ಅದೇ ಉತ್ತರ.

ಫಿಸಿಯೋಥೆರಪಿಸ್ಟ್, ಸಿರುಗುಪ್ಪ

ಡಾಕ್ಟರಿಗೆ ತೋರಿಸೋಕೆ 8 ವಾರದ ಒಂದು ಪುಸ್ತಕ ಇಡ್ರಿ ಸಿಸ್ಟರ್. ಭೇಟಿಗೆ 10 ನಿಮಿಷ ಮೊದಲು ನಾಡಿ, ಬಿಪಿ, 0ಯಿಂದ 10ರ ನೋವಿನ ಅಂಕ. ಭೇಟಿ ಮುಗಿದು 15 ನಿಮಿಷಕ್ಕೆ ಮತ್ತೆ ಅದೇ ಮೂರು. ನಾಯಿ ಎದ್ದು ಹೋದ ಕೂಡಲೇ ನೋಡಿದರೆ ನಕ್ಕು ಮಾತಾಡಿದ ಹುರುಪಿಗೆ ನಾಡಿ ಏರಿರುತ್ತೆ. ನಾಯಿ ಬಾರದ ದಿನವೂ ಒಂದು ಸಲ ಅದೇ ಹೊತ್ತಿಗೆ ಅದೇ ರೋಗಿಗಳ ಪಕ್ಕ ಯಾರಾದರೂ 12 ನಿಮಿಷ ಕೂತು ಮಾತಾಡಿಸಿ, ಅದನ್ನೂ ಬರೀರಿ. ಮತ್ತೆ ಎಷ್ಟು ಸಲ ಬ್ರಷ್ ಆಡಿಸಿದರು, ಎಷ್ಟು ಹೆಜ್ಜೆ ನಡೆದರು ಅನ್ನೋ ಖಾನೆ ಬಿಡಬ್ಯಾಡ್ರಿ, ಪುನರ್ವಸತಿಯಲ್ಲಿ ಡಾಕ್ಟರು ಮೊದಲು ನೋಡೋದು ಅದನ್ನೇ.