ಪದಚರ್ಚೆ: ಆಪ್ಶನ್‌ಗೆ ‘ಆಯ್ಕೆ’ ಸರಿ, ಅದರ ಬೆನ್ನಿಗೆ ಬರುವ ಪದಕ್ಕೆ?

ಮಾನ್ಯರೇ,

ಹೆಸರುಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಪುಟ್ಟ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಅದರ ದೋಷ ಸಂದೇಶಗಳು ಕನ್ನಡದಲ್ಲೇ ಇರಬೇಕು, ಓದಿದವರಿಗೆ ತಕ್ಷಣ ತಿಳಿಯಬೇಕು. ಆದೇಶ ಹೇಗೆ ನಡೆಯಬೇಕೆಂದು ತಿಳಿಸುವ ‘-ಓ’ಯಂಥ ಆಪ್ಶನ್ನಿನ ಬೆನ್ನಿಗೆ ಬರುವ ಪದವನ್ನು ಏನೆಂದು ಕರೆಯಬೇಕು ಎಂಬುದೊಂದು ಮಾತ್ರ ಬಗೆಹರಿಯುತ್ತಿಲ್ಲ.

ಯೂನಿಕ್ಸ್‌ನ ಸಾರ್ಟ್ ಆದೇಶವನ್ನು (ಕಡತದ ಸಾಲುಗಳನ್ನು ಕ್ರಮವಾಗಿ ಜೋಡಿಸುವಂಥದ್ದು) ನೋಡಿ: ‘ಸಾರ್ಟ್ -ಆರ್ -ಓ ಪಟ್ಟಿ ಹೆಸರುಗಳು’. ಹೆಸರುಗಳು ಎಂಬ ಕಡತವನ್ನು ಹಿಮ್ಮುಖವಾಗಿ ಜೋಡಿಸಿ, ಫಲಿತವನ್ನು ಪಟ್ಟಿ ಎಂಬ ಕಡತಕ್ಕೆ ಬರೆ ಎಂದು ಇದರ ಅರ್ಥ. ಆದೇಶದ ಹೆಸರೂ ಸೇರಿ ಆರ್ಗ್‌ಸಿ, ಅಂದರೆ ಪ್ರೋಗ್ರಾಮಿಗೆ ಸಿಗುವ ಪದಗಳ ಎಣಿಕೆ, 5. ಸಿ ಭಾಷೆಯ ಲೆಕ್ಕದಲ್ಲಿ ಐದೂ ಆರ್ಗ್ಯುಮೆಂಟ್‌ಗಳು. ನಿಘಂಟಿನ ‘ವಾದ’ ಇಲ್ಲಿ ಸಲ್ಲದು. ಅದು ನ್ಯಾಯಾಲಯದ, ಚರ್ಚೆಯ ಮಾತು. ‘ಪದ’ ಎಂದರೆ ಸಾಕು. ನಾವು ಬರೆದ ಆದೇಶವನ್ನು ಓದಿ ನಡೆಸುವ ಶೆಲ್ ಕೂಡ ಸಾಲನ್ನು ಪದಗಳಾಗಿಯೇ ಒಡೆಯುತ್ತದೆ.

ತೊಡಕಿರುವುದು ಮುಂದೆ. ‘ಪಟ್ಟಿ’, ‘ಹೆಸರುಗಳು’ ಎರಡೂ ಕಡತಗಳ ಹೆಸರೇ. ಆದರೂ ಯೂನಿಕ್ಸ್ ಬಗೆಯ ವ್ಯವಸ್ಥೆಗಳಿಗಾಗಿ ಇರುವ ಪಾಸಿಕ್ಸ್ ಮಾನಕ ಮೊದಲನೆಯದನ್ನು ಆಪ್ಶನ್-ಆರ್ಗ್ಯುಮೆಂಟ್ ಎಂದೂ ಎರಡನೆಯದನ್ನು ಆಪರೆಂಡ್ ಎಂದೂ ಬೇರ್ಪಡಿಸುತ್ತದೆ. ಆಯ್ಕೆಗಳನ್ನು ಒಂದೊಂದಾಗಿ ಬಿಡಿಸಿಕೊಡುವ ಫಂಕ್ಷನ್ ಗೆಟ್‌ಆಪ್ಟ್‌ಗೆ ಕೊಡುವ ಅಕ್ಷರಸರಣಿಯಲ್ಲಿ ‘ಓ’ ಆದ ಮೇಲೆ ಕೋಲನ್ ಇದ್ದರೆ, ಆ ಆಯ್ಕೆ ಒಂಟಿಯಾಗಿ ನಿಲ್ಲದು ಎಂದು ಗೆಟ್‌ಆಪ್ಟ್ ತಿಳಿದುಕೊಂಡು ‘ಪಟ್ಟಿ’ಯನ್ನು ಆಪ್ಟ್‌ಆರ್ಗ್ ಎಂಬ ವೇರಿಯಬಲ್ ಮೂಲಕ ಒಪ್ಪಿಸುತ್ತದೆ. ಆಯ್ಕೆಗಳೆಲ್ಲ ಮುಗಿದ ಮೇಲೆ ಆಪ್ಟ್‌ಇಂಡ್ ಎಂಬ ವೇರಿಯಬಲ್ ತೋರಿಸುವುದು ‘ಹೆಸರುಗಳು’ ಇರುವ ಜಾಗವನ್ನು.

ನಮ್ಮ ವ್ಯಾಕರಣದ ಕಣ್ಣಿಗೆ ಈ ಸಾಲು ಬಹಳ ಸ್ಪಷ್ಟ. ಸಾರ್ಟ್ ಕ್ರಿಯಾಪದ, ಏನನ್ನು ಜೋಡಿಸಬೇಕು ಎಂದು ಕೇಳಿದರೆ ಸಿಗುವ ‘ಹೆಸರುಗಳು’ ಕರ್ಮಪದ, ಹೇಗೆ ಎಂದು ಕೇಳಿದರೆ ಸಿಗುವ ‘-ಆರ್’ ಕ್ರಿಯಾವಿಶೇಷಣ. ಹಾಗಾಗಿ ಆಪರೆಂಡ್‌ಗೆ ‘ಕರ್ಮಪದ’ ಎಂದೇ ಬಳಸಬೇಕೆಂದಿದ್ದೇನೆ. ಬರೀ ‘ಕರ್ಮ’ ಬೇಡ, ಅದಕ್ಕೆ ಹಣೆಬರಹದ ಅರ್ಥ ಅಂಟಿಕೊಂಡಿದೆ.

ಉಳಿದದ್ದು ‘ಪಟ್ಟಿ’. ಇದನ್ನು ‘ಮೌಲ್ಯ’ ಎನ್ನಬಹುದಿತ್ತು, ಆದರೆ ಫಂಕ್ಷನ್ ಹಿಂದಿರುಗಿಸುವುದಕ್ಕೂ ವೇರಿಯಬಲ್‌ನಲ್ಲಿ ಇರುವುದಕ್ಕೂ ಆಗಲೇ ಅದೇ ಪದ ಬಳಕೆಯಲ್ಲಿದೆ. ನನ್ನ ಮನಸ್ಸು ‘ಪೂರಕಪದ’ದ ಕಡೆಗಿದೆ: ಅದಿಲ್ಲದೆ ‘-ಓ’ ಪೂರ್ಣವಾಗದು. ಆಗ ಸಂದೇಶಗಳು ಹೀಗಿರುತ್ತವೆ:

‘-ಕ್ಯೂ ಎಂಬ ಆಯ್ಕೆ ಇಲ್ಲ.’
‘-ಓ ಆಯ್ಕೆಯ ಪೂರಕಪದ ಬಿಟ್ಟುಹೋಗಿದೆ.’

ಅಳುಕೊಂದೇ. ಪೂರಕ ಪಠ್ಯ, ಪೂರಕ ಆಹಾರ ಎಂದಾಗ ನಮಗೆ ಮೊದಲು ಹೊಳೆಯುವುದು ‘ಮುಖ್ಯವಾದದ್ದಕ್ಕೆ ಜೊತೆಯಾಗಿ ಸೇರಿಸಿದ್ದು’ ಎಂಬ ಅರ್ಥ. ಇಲ್ಲಿ ಬೇಕಿರುವುದು ‘ಇರಲೇಬೇಕಾದದ್ದು’ ಎಂಬ ಅರ್ಥ. ಎರಡನೆಯ ಸಂದೇಶವನ್ನು ಮೊದಲ ಬಾರಿ ಕಂಡವರು ‘ಬಿಟ್ಟರೂ ನಡೆಯುತ್ತದೆ’ ಎಂದುಕೊಳ್ಳುವರೇ? ವ್ಯಾಕರಣ ಪಾಠ ಮಾಡಿದವರು, ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸಿದವರು ದಯವಿಟ್ಟು ತಿಳಿಸಿ. ಇದಕ್ಕಿಂತ ಚೊಕ್ಕವಾದ ಪದವಿದ್ದರೆ ಅದನ್ನು ಎರಡನೆಯ ಸಂದೇಶದಲ್ಲೇ ಕೂರಿಸಿ ಬರೆಯಿರಿ.